ಬೀಗಿತ್ತಿಗೆ ಚಾಗಸ್ ಕಾಯಿಲೆ: ಪರಾವಲಂಬಿಯ ವಿರುದ್ಧ ಹುಟ್ಟಿದ ಪ್ರತಿಕಾಯ ಹೃದಯಕ್ಕೂ ಕಣ್ಣಿಗೂ ತೊಂದರೆ ಕೊಡುತ್ತದೆಯೇ?

ಮೇಗರವಳ್ಳಿಯ ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರದ ತೋಟದ ಮನೆ. ಮಗ ಬಾರ್ಸಿಲೋನಾದಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಬೊಲಿವಿಯಾ ದೇಶದವಳು, ಕೊಚಬಾಂಬಾ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಹುಡುಗಿ. ಅವಳ ತಾಯಿಯೂ ಅವರ ಜೊತೆಯಲ್ಲೇ ಇದ್ದಾರೆ. ನನಗೂ ಬೀಗಿತ್ತಿಗೂ ಮಾತಿನ ಭಾಷೆ ಒಂದೂ ಸೇರುವುದಿಲ್ಲ. ಆದರೂ ಮೊಬೈಲಿನಲ್ಲಿ ಮುಖ ನೋಡಿದರೆ ಇಬ್ಬರಿಗೂ ಸಮಾಧಾನ. ನಾನು ಕೊಟ್ಟೆ ಕಡುಬು ಮಾಡುವುದನ್ನು ಅವರು ನೋಡುತ್ತಾರೆ, ಅವರು ಜೋಳದ ರೊಟ್ಟಿಯಂಥದ್ದನ್ನು ಸುಡುವುದನ್ನು ನಾನು ನೋಡುತ್ತೇನೆ.

ಕಳೆದ ವರ್ಷ ಅವರು ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದರು. ಅಲ್ಲಿನ ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಹೃದಯದ ಸ್ಕ್ಯಾನ್ ಮಾಡಿ, ರಕ್ತ ಪರೀಕ್ಷಿಸಿ, ಚಾಗಸ್ ಎಂಬ ಕಾಯಿಲೆ ಎಂದರು. ಚಿಕ್ಕಂದಿನಲ್ಲಿ ಮಣ್ಣಿನ ಗೋಡೆಯ ಮನೆಯಲ್ಲಿ ಒಂದು ಕೀಟ ಕಚ್ಚಿ ಬಂದದ್ದಂತೆ. ಅರವತ್ತು ದಾಟಿದ ಹೆಂಗಸಿಗೆ ಬಾಲ್ಯದ ಕೀಟ ಈಗ ಲೆಕ್ಕ ಕೇಳುವುದೆಂದರೆ ಏನು? ನನಗೆ ಅದೇ ಜೀರ್ಣವಾಗಲಿಲ್ಲ.

ಅದಕ್ಕಿಂತ ಹೆಚ್ಚು ಗೊಂದಲವಾದದ್ದು ಇನ್ನೊಂದು. ರಕ್ತದಲ್ಲಿ ಆ ರೋಗಾಣು ಸಿಗಲಿಲ್ಲ, ಅದರ ವಿರುದ್ಧದ ಪ್ರತಿಕಾಯ ಮಾತ್ರ ಧಾರಾಳವಾಗಿದೆ ಎಂದು ವರದಿಯಲ್ಲಿದೆ. ಈಚೆಗೆ ಬೀಗಿತ್ತಿಗೆ ಸಂಜೆ ಹೊತ್ತು ದೀಪದ ಸುತ್ತ ಬಣ್ಣದ ಬಳೆಯಂತೆ ಕಾಣುತ್ತದೆ, ಮಬ್ಬು ಬೆಳಕಿನಲ್ಲಿ ದಾರಿ ಸರಿಯಾಗಿ ತೋರುವುದಿಲ್ಲ. ಆ ಪ್ರತಿಕಾಯಗಳೇ ಹೃದಯಕ್ಕೂ ಕಣ್ಣಿಗೂ ಹೋಗಿ ಅಂಟಿಕೊಳ್ಳುತ್ತವೆ ಎಂದು ಸೊಸೆ ಎಲ್ಲೋ ಓದಿ ಗಾಬರಿಯಾಗಿದ್ದಾಳೆ. ಪ್ರತಿಕಾಯವೆಂದರೆ ನಮ್ಮನ್ನು ಕಾಯುವುದಲ್ಲವೇ? ಲಸಿಕೆ ಹಾಕಿಸಿಕೊಳ್ಳುವುದೇ ಅದಕ್ಕಾಗಿ ಅಲ್ಲವೇ? ಕಾಯುವುದೇ ಕಚ್ಚುತ್ತದೆ ಎಂದರೆ ಹೇಗೆ?

ಇನ್ನೊಂದು ಮಾತು. ದೀಪಾವಳಿಗೆ ಎಲ್ಲರೂ ಇಲ್ಲಿಗೆ ಬರುವವರಿದ್ದಾರೆ. ನೆಂಟರಲ್ಲಿ ಒಬ್ಬರು, "ಹೊರದೇಶದ ಕಾಯಿಲೆ, ಮನೆಗೆ ಸೇರಿಸಬೇಡಿ, ಮಂಗನ ಕಾಯಿಲೆ ಕಂಡ ಊರಿನವರು ನಾವು" ಎಂದರು. ಸಾಗರದ ಅರಳಗೋಡಿನಲ್ಲಿ 2018-19ರಲ್ಲಿ ಏನಾಯಿತೆಂದು ನಾವೆಲ್ಲ ನೋಡಿದ್ದೇವೆ, ಹಾಗಾಗಿ ಅವರ ಹೆದರಿಕೆಯನ್ನು ತಳ್ಳಿಹಾಕಲೂ ಆಗುವುದಿಲ್ಲ. ಆದರೆ ಮಗಳನ್ನು ನಮಗೆ ಕೊಟ್ಟ ತಾಯಿಯನ್ನು ಹೊಸಿಲಾಚೆ ನಿಲ್ಲಿಸುವುದು ನನ್ನಿಂದ ಆಗದ ಕೆಲಸ. ತಿಳಿದವರು ದಯವಿಟ್ಟು ವಿವರವಾಗಿ ಹೇಳಿ. ನಾನು ಎಸ್ಸೆಸ್ಸೆಲ್ಸಿ ಓದಿದವಳು. ನಿಧಾನವಾಗಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತೇನೆ.

ನಿವೃತ್ತ ಅಧ್ಯಾಪಕಿ, ದುರ್ಗಿಗುಡಿ

ಅಮ್ಮ, ನಮಸ್ಕಾರ. ನಾನು ಶಿವಮೊಗ್ಗದವಳು, ಸೂಕ್ಷ್ಮಜೀವಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ನಿಮ್ಮ ಪ್ರಶ್ನೆ ಸುಲಭದ್ದಲ್ಲ. ವಿಜ್ಞಾನಿಗಳು ದಶಕಗಟ್ಟಲೆ ಜಗಳವಾಡಿದ ಪ್ರಶ್ನೆ ಅದು. ಮೊದಲು ನೆಂಟರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ: ಚಾಗಸ್ ಕಾಯಿಲೆ ಮುಟ್ಟಿದರೆ, ಕೆಮ್ಮಿದರೆ, ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಬೀಗಿತ್ತಿಯವರನ್ನು ಆರತಿ ಎತ್ತಿ ಒಳಗೆ ಕರೆದುಕೊಳ್ಳಿ.

ಈಗ ಕಾಯಿಲೆಯ ವಿಷಯ. 1909ರಲ್ಲಿ ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ರಾಜ್ಯದ ಲಾಸಾನ್ಸ್ ಎಂಬ ಊರಿನಲ್ಲಿ ಕಾರ್ಲೋಸ್ ಚಾಗಸ್ ಎಂಬ ವೈದ್ಯ ಇದನ್ನು ಕಂಡುಹಿಡಿದರು. ರೈಲು ಹಳಿ ಹಾಕುವ ಕೆಲಸಗಾರರಿಗೆ ಮಲೇರಿಯಾ ಬಂದಿತ್ತು, ಅದನ್ನು ತಡೆಯಲು ಹೋದವರು ಅವರು. ಅಲ್ಲಿನ ಗುಡಿಸಲುಗಳ ಗೋಡೆಯ ಬಿರುಕುಗಳಲ್ಲಿ ತಿಗಣೆಯ ಬಳಗಕ್ಕೆ ಸೇರಿದ, ಆದರೆ ಅದಕ್ಕಿಂತ ಬಹಳ ದೊಡ್ಡ ಕೀಟಗಳಿದ್ದವು. ರಾತ್ರಿ ಮಲಗಿದವರ ಮುಖದಿಂದ ರಕ್ತ ಹೀರುತ್ತಿದ್ದವು. ಆ ಕೀಟದ ಕರುಳಿನಲ್ಲಿ ಬಾಲವಿರುವ ಒಂದು ಏಕಕೋಶ ಜೀವಿಯನ್ನು ಚಾಗಸ್ ಕಂಡರು. ತಮ್ಮ ಗುರು ಓಸ್ವಾಲ್ಡೊ ಕ್ರೂಜ್ ಅವರ ಹೆಸರನ್ನೇ ಸೇರಿಸಿ ಟ್ರಿಪನೊಸೋಮಾ ಕ್ರೂಜಿ ಎಂದು ಕರೆದರು. ಬಳಿಕ ಅದೇ ಜೀವಿ ಬೆರೆನಿಸ್ ಎಂಬ ಎರಡು ವರ್ಷದ ಜ್ವರದ ಮಗುವಿನ ರಕ್ತದಲ್ಲಿ ಸಿಕ್ಕಿತು. ಕೀಟ, ರೋಗಾಣು, ರೋಗಿ, ಮೂರನ್ನೂ ಒಬ್ಬರೇ ಕಂಡುಹಿಡಿದದ್ದು ವೈದ್ಯಚರಿತ್ರೆಯಲ್ಲಿ ತೀರ ಅಪರೂಪ. ಆ ಮಗು ಬೆರೆನಿಸ್ ಎಪ್ಪತ್ತು ದಾಟಿ ಬದುಕಿದಳು. ದಶಕಗಳ ನಂತರ ಪರೀಕ್ಷಿಸಿದಾಗಲೂ ಅವಳ ರಕ್ತದಲ್ಲಿ ಪರಾವಲಂಬಿ ಇತ್ತು, ಆದರೆ ಹೃದಯ ಕೆಟ್ಟಿರಲಿಲ್ಲ. ನಿಮ್ಮ "ಬಾಲ್ಯದ ಕೀಟ ಈಗ ಲೆಕ್ಕ ಕೇಳುತ್ತದೆಯೇ" ಎಂಬ ಮಾತು ಓದಿದಾಗ ನನಗೆ ನೆನಪಾದದ್ದು ಅವಳೇ. ಸೋಂಕು ತಗುಲಿದವರಲ್ಲಿ ಹೆಚ್ಚಿನವರು ಬೆರೆನಿಸಳಂತೆ ಬದುಕಿಬಿಡುತ್ತಾರೆ. ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ, ಅದೂ ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ, ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ. ಇನ್ನು ಕೆಲವರಿಗೆ ಅನ್ನನಾಳ, ದೊಡ್ಡ ಕರುಳು ಹಿಗ್ಗುತ್ತವೆ.

ರಕ್ತದಲ್ಲಿ ರೋಗಾಣು ಸಿಗದಿದ್ದರೆ ರೋಗ ಇಲ್ಲವೆಂದಲ್ಲ. ಮೊದಲ ಕೆಲವು ವಾರ ಅದು ರಕ್ತದಲ್ಲಿ ಈಜಾಡುತ್ತದೆ. ಆಮೇಲೆ ಹೃದಯದ ಸ್ನಾಯು, ಕರುಳಿನ ಸ್ನಾಯುಗಳ ಜೀವಕೋಶದೊಳಗೆ ಸೇರಿಕೊಂಡು, ಬಾಲ ಕಳಚಿ, ಅಲ್ಲೇ ಸಣ್ಣಗೆ ವೃದ್ಧಿಯಾಗುತ್ತಿರುತ್ತದೆ. ಆ ಹಂತದಲ್ಲಿ ರಕ್ತದಲ್ಲಿ ಹುಡುಕಿದರೆ ಕೆಲವೊಮ್ಮೆ ಸಿಗುತ್ತದೆ, ಹಲವು ಸಲ ಸಿಗುವುದಿಲ್ಲ. ಅದಕ್ಕಾಗಿಯೇ ಎರಡು ಬೇರೆ ಬೇರೆ ವಿಧಾನಗಳಿಂದ ಪ್ರತಿಕಾಯ ನೋಡಿ, ಎರಡರಲ್ಲೂ ಬಂದರೆ ಸೋಂಕು ಇದೆ ಎಂದು ತೀರ್ಮಾನಿಸುತ್ತಾರೆ. ಅಂದರೆ ವರದಿಯಲ್ಲಿರುವ ಪ್ರತಿಕಾಯ ಮೊದಲಿಗೆ ಒಂದು ಸಾಕ್ಷಿ. ಅದು ಸಾಕ್ಷಿಯಷ್ಟೇ ಅಲ್ಲದೆ ಅಪರಾಧದಲ್ಲೂ ಪಾಲುದಾರನೇ ಎಂಬುದು ನಿಮ್ಮ ಸೊಸೆ ಓದಿದ ವಿಷಯ.

ಪ್ರತಿಕಾಯಕ್ಕೆ ಕಣ್ಣಿಲ್ಲ, ಅಮ್ಮ. ಅದು ಇಡೀ ಪರಾವಲಂಬಿಯನ್ನು ಗುರುತಿಸುವುದಿಲ್ಲ, ಅದರ ಮೈಮೇಲಿನ ಒಂದು ತುಣುಕಿನ ಆಕಾರವನ್ನು ಮಾತ್ರ ಗುರುತಿಸುತ್ತದೆ. ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಅಟ್ಟಿ ಅಟ್ಟಿ ಪಳಗಿದ ನಾಯಿ, ಮಳೆಗಾಲದ ಮುಸ್ಸಂಜೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಬಗ್ಗಿ ಸೋಗೆ ಹೆಕ್ಕುವ ಮನೆಯವರ ಮೇಲೂ ಎಗರಿಬಿಡಬಹುದು. ನಾಯಿಗೆ ದ್ವೇಷವಿಲ್ಲ, ಕಪ್ಪಗೆ, ಬಗ್ಗಿ, ಅಡಿಕೆ ಮರದ ಬುಡದಲ್ಲಿ ಅಲುಗಾಡುವುದೆಲ್ಲ ಅದಕ್ಕೆ ಒಂದೇ.

ಇಲ್ಲಿ ಆ ಕಪ್ಪು ಆಕಾರ ಯಾವುದು ಎಂಬುದನ್ನು ಹೆಚ್ಚಾಗಿ ಅರ್ಜೆಂಟೀನಾ ಮತ್ತು ಫ್ರಾನ್ಸಿನ ಪ್ರಯೋಗಾಲಯಗಳು ಸೇರಿ ಬಿಡಿಸಿದವು. ಎಲ್ಲ ಜೀವಕೋಶಗಳಲ್ಲೂ ಪ್ರೋಟೀನ್ ಕಟ್ಟುವ ರೈಬೋಸೋಮ್ ಎಂಬ ಸಣ್ಣ ಯಂತ್ರವಿದೆ. ಈ ಪರಾವಲಂಬಿಯ ರೈಬೋಸೋಮಿನಲ್ಲಿ ಪಿ2 ಬೀಟಾ ಎಂಬ ಪ್ರೋಟೀನ್ ಇದೆ. ಅದರ ಬಾಲದ ತುದಿಯಲ್ಲಿ 13 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನ್ ಕಟ್ಟುವ ಮಣಿಗಳಂಥ ಬಿಡಿ ಘಟಕಗಳ, ಒಂದು ಸಾಲು. ನಮ್ಮ ಮನುಷ್ಯರ ಅದೇ ಬಗೆಯ ಪ್ರೋಟೀನಿನ ಬಾಲಕ್ಕೂ ಅದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲ. ಆ ಸಾಲಿನಲ್ಲಿ ಋಣ ವಿದ್ಯುದಂಶ ಹೊತ್ತ ಆಮ್ಲಗಳು ಒತ್ತೊತ್ತಾಗಿವೆ, ಪ್ರತಿಕಾಯ ಹಿಡಿಯುವುದು ಮುಖ್ಯವಾಗಿ ಅವುಗಳನ್ನೇ.

ನಮ್ಮ ಹೃದಯದ ಜೀವಕೋಶಗಳ ಮೇಲೆ ಬೀಟಾ-1 ಎಂಬ ಗ್ರಾಹಕಗಳಿವೆ. ಓಡಿದಾಗ, ಹೆದರಿದಾಗ ಅಡ್ರಿನಲಿನ್ ಬಂದು ತಟ್ಟುವ ಬಾಗಿಲು ಅದು. ತಟ್ಟಿದರೆ ಬಡಿತ ಏರುತ್ತದೆ. ಆ ಗ್ರಾಹಕದ ಒಂದು ಮಡಿಕೆ ಜೀವಕೋಶದ ಹೊರಗೆ ಚಾಚಿಕೊಂಡಿದೆ, ಅದರಲ್ಲೂ ಅಂಥದೇ ಋಣ ವಿದ್ಯುದಂಶದ ಆಮ್ಲಗಳ ಗುಂಪು ಇದೆ. ಹಾಗಾಗಿ ಪರಾವಲಂಬಿಗೆಂದು ಹುಟ್ಟಿದ ಪ್ರತಿಕಾಯ ಇಲ್ಲಿಗೂ ಅಂಟುತ್ತದೆ. ಅಂಟಿ ಸುಮ್ಮನೆ ಕುಳಿತರೆ ಚಿಂತೆ ಇರಲಿಲ್ಲ. ಅಡ್ರಿನಲಿನ್ ಇಲ್ಲದೆಯೇ ಅದು ಗ್ರಾಹಕವನ್ನು ಚಾಲೂ ಮಾಡುತ್ತದೆ. ಅಡ್ರಿನಲಿನ್ ಬಂದು ಹೋಗುವಂಥದ್ದು, ಪ್ರತಿಕಾಯ ಹೋಗುವುದಿಲ್ಲ. ವಿಶ್ರಾಂತಿ ಕಾಣದ ಹೃದಯದ ಸ್ನಾಯು ವರ್ಷಗಟ್ಟಲೆ ದುಡಿದು ದಣಿಯುತ್ತದೆ, ಲಯ ತಪ್ಪುತ್ತದೆ. ಇದರ ಜೊತೆಗೆ ಬಡಿತ ತಗ್ಗಿಸುವ ಇನ್ನೊಂದು ಗ್ರಾಹಕಕ್ಕೆ, ಎಂ2 ಎಂಬುದಕ್ಕೆ, ಅಂಟುವ ಪ್ರತಿಕಾಯಗಳೂ ಚಾಗಸ್ ರೋಗಿಗಳಲ್ಲಿ ಸಿಕ್ಕಿವೆ. ಕೆಲವರಿಗೆ ಬಡಿತ ತೀರ ನಿಧಾನವಾಗುವುದರಲ್ಲಿ ಅವುಗಳ ಕೈವಾಡವೂ ಇರಬಹುದೆಂದು ಹೇಳುತ್ತಾರೆ.

ಕಣ್ಣು ಎಲ್ಲಿಂದ ಬಂತು? ಕಣ್ಣಿನ ಹಿಂಭಾಗದ ಪರದೆಯಲ್ಲಿ, ಅಂದರೆ ಅಕ್ಷಿಪಟದಲ್ಲಿ, ಮಬ್ಬು ಬೆಳಕನ್ನು ಹಿಡಿಯುವ ರೊಡಾಪ್ಸಿನ್ ಎಂಬ ಪ್ರೋಟೀನ್ ಇದೆ. ಹೃದಯದ ಬೀಟಾ-1 ಗ್ರಾಹಕವೂ ಈ ರೊಡಾಪ್ಸಿನ್ನೂ ಒಂದೇ ಮನೆತನದವು, ಜೀವಕೋಶದ ಪೊರೆಯನ್ನು ಏಳು ಸಲ ಹೊಲಿದು ದಾಟುವ ಪ್ರೋಟೀನುಗಳು. ಇಲಿಯಲ್ಲಿ ಬೆಳೆಸಿದ, ಪಿ2 ಬೀಟಾ ವಿರುದ್ಧದ ಒಂದು ಪ್ರತಿಕಾಯ ದನದ ಕಣ್ಣಿನ ರೊಡಾಪ್ಸಿನ್ನಿಗೂ ಅಂಟಿಕೊಂಡದ್ದು ಪ್ರಯೋಗದಲ್ಲಿ ಕಂಡಿದೆ. ಸೊಸೆ ಓದಿದ್ದು ಸುಳ್ಳಲ್ಲ. ಆದರೆ ಪ್ರಯೋಗಾಲಯದ ಗಾಜಿನ ನಳಿಗೆಗೂ ಬದುಕಿರುವ ಹೆಂಗಸಿನ ಕಣ್ಣಿಗೂ ನಡುವೆ ದೊಡ್ಡ ತಡೆಗೋಡೆ ಇದೆ: ರಕ್ತದಲ್ಲಿರುವುದೆಲ್ಲ ಅಕ್ಷಿಪಟಕ್ಕೆ ಸೋರದಂತೆ ಅಲ್ಲಿನ ರಕ್ತನಾಳಗಳು ಬಿಗಿಯಾಗಿ ಹೆಣೆದುಕೊಂಡಿವೆ. ಹೃದಯದ ಕಥೆಗೆ ಇರುವಷ್ಟು ಬಲ ಕಣ್ಣಿನ ಕಥೆಗೆ ಇಲ್ಲ. ಬೀಗಿತ್ತಿಯವರ ದೀಪದ ಬಳೆಗೆ ನಾನಾದರೆ ಬೇರೆ ಕಾರಣವನ್ನು ಮೊದಲು ಹುಡುಕುತ್ತೇನೆ. ಅವರು ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳಿ ಇಲ್ಲಿ ಬರೆಯಿರಿ.

ಪ್ರತಿಕಾಯ ಹೀಗೆ ದಾರಿ ತಪ್ಪುವುದು ನಮಗೆ ಹೊಸದಲ್ಲ. ಮಕ್ಕಳಿಗೆ ಗಂಟಲು ನೋವು ಬಂದು, ಕೆಲವು ವಾರದ ಮೇಲೆ ಕೀಲು ಊದಿ, ಹೃದಯದ ಕವಾಟ ಕೆಡುವ ರುಮ್ಯಾಟಿಕ್ ಜ್ವರ ನಿಮ್ಮ ಊರಿನಲ್ಲೂ ಯಾರಿಗಾದರೂ ಬಂದಿರುತ್ತದೆ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಹಾಕಿಸಿಕೊಳ್ಳುವವರು ಅವರು. ಅಲ್ಲಿ ಬ್ಯಾಕ್ಟೀರಿಯಾ, ಇಲ್ಲಿ ಪರಾವಲಂಬಿ. ಆಫ್ರಿಕಾದ ನದಿ ಕುರುಡು ಎಂಬ ಹುಳುವಿನ ಕಾಯಿಲೆಯಲ್ಲೂ ಹುಳುವಿನ ಒಂದು ಪ್ರೋಟೀನಿಗೂ ಅಕ್ಷಿಪಟದ ಒಂದು ಪ್ರೋಟೀನಿಗೂ ಇಂಥದೇ ಹೋಲಿಕೆ ಕಂಡುಬಂದಿದೆ.

ಪಶುವೈದ್ಯ, ಸಾಗರ

ಮೇಡಂ ಬರೆದದ್ದು ಓದಿ ಸಂತೋಷವಾಯಿತು. ನೆಂಟರ ಭಯಕ್ಕೆ ನಾನೂ ಸ್ವಲ್ಪ ಸೇರಿಸುತ್ತೇನೆ.

ಮಂಗನ ಕಾಯಿಲೆ ವೈರಾಣುವಿನದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಅದು ಇಲ್ಲಿಯದೇ ಕಾಯಿಲೆ, ಉಣುಗಿನಿಂದ ಬರುವುದು. ಚಾಗಸ್ ರೋಗಾಣುವಿಗೆ ಅದರದೇ ಕೀಟ ಬೇಕು. ಬೊಲಿವಿಯಾದವರು ವಿಂಚುಕಾ ಎನ್ನುತ್ತಾರೆ, ಬ್ರೆಜಿಲ್‌ನವರು ಬಾರ್ಬೇರೊ. ಆ ಬಳಗದ ಕೆಲವು ಕೀಟಗಳು ಭಾರತದಲ್ಲೂ ಇವೆ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವು ಈ ರೋಗಾಣುವನ್ನು ಇಲ್ಲಿ ಹೊತ್ತು ತಿರುಗುತ್ತಿಲ್ಲ. ಜೊತೆಗೆ, ಕಚ್ಚಿದ ಮಾತ್ರಕ್ಕೆ ರೋಗ ಅಂಟುವುದೂ ಇಲ್ಲ. ಕೀಟ ರಕ್ತ ಹೀರುತ್ತಾ ಅಲ್ಲೇ ಮಲ ವಿಸರ್ಜಿಸಿ, ಮಲಗಿದವರು ನಿದ್ದೆಗಣ್ಣಿನಲ್ಲಿ ಅದನ್ನು ಗಾಯಕ್ಕೋ ಕಣ್ಣಿಗೋ ಉಜ್ಜಿಕೊಂಡಾಗ ರೋಗಾಣು ಒಳಗೆ ಹೋಗುತ್ತದೆ. ಕಣ್ಣಿನ ಮೂಲಕ ಹೋದರೆ ಒಂದೇ ಕಣ್ಣಿನ ರೆಪ್ಪೆ ನೋವಿಲ್ಲದೆ ಊದಿಕೊಳ್ಳುತ್ತದೆ, ಅದನ್ನು ರೊಮಾನ್ಯಾ ಚಿಹ್ನೆ ಎನ್ನುತ್ತಾರೆ. ಅದು ಸೋಂಕಿನ ಮೊದಲ ವಾರಗಳ ಕಣ್ಣಿನ ಕಥೆ. ಮೇಡಂ ಹೇಳಿದ ಅಕ್ಷಿಪಟದ ಕಥೆಯೇ ಬೇರೆ. ಎರಡನ್ನೂ ಕಲಸಿಕೊಳ್ಳಬೇಡಿ.

ನಮ್ಮಲ್ಲಿ ಇದೇ ಕುಲದ ಇನ್ನೊಂದು ರೋಗಾಣು ಇದೆ, ಟ್ರಿಪನೊಸೋಮಾ ಇವಾನ್ಸಿ. ದನ, ಎಮ್ಮೆ, ಕುದುರೆ, ನಾಯಿಗಳಿಗೆ ಸರ್ರಾ ರೋಗ ತರುವುದು ಅದೇ. ದನಗಳಿಗೆ ಕಚ್ಚುವ ದೊಡ್ಡ ನೊಣಗಳಿಂದ ಹರಡುತ್ತದೆ. ಸರ್ರಾ ಬಂದ ನಾಯಿಯ ಕಣ್ಣು ಹಾಲಿನಂತೆ ಬೆಳ್ಳಗಾಗುವುದನ್ನು ನಾನು ಕೆಲಸದಲ್ಲಿ ಕಂಡಿದ್ದೇನೆ. ಮನುಷ್ಯರ ರಕ್ತದಲ್ಲಿರುವ ಎಪಿಒಎಲ್1 ಎಂಬ ಪ್ರೋಟೀನ್ ಈ ರೋಗಾಣುವನ್ನು ಕೊಂದುಬಿಡುವುದರಿಂದ ನಾವು ದನಗಳ ಮಧ್ಯೆ ಬದುಕಿಯೂ ಸುರಕ್ಷಿತ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ರೈತನಿಗೆ ಮಾತ್ರ 2004ರ ಸುಮಾರಿಗೆ ಇದು ತಗುಲಿತು. ಪರೀಕ್ಷಿಸಿದಾಗ ಅವರ ರಕ್ತದಲ್ಲಿ ಆ ಪ್ರೋಟೀನೇ ಇರಲಿಲ್ಲ. ಸುರಾಮಿನ್ ಕೊಟ್ಟು ಗುಣಪಡಿಸಿದರು.

ಎಚ್ಚರಿಕೆ ಬೇಕಾದದ್ದು ರಕ್ತದಾನದ ವಿಷಯದಲ್ಲಿ. ನಮ್ಮ ರಕ್ತನಿಧಿಗಳು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷಿಸುತ್ತವೆ, ಚಾಗಸ್‌ಗೆ ವಾಡಿಕೆಯ ಪರೀಕ್ಷೆ ಇಲ್ಲ. ಬೀಗಿತ್ತಿಯವರು ರಕ್ತ ಕೊಡಬಾರದು. ಸೊಸೆಯೂ ಪರೀಕ್ಷೆ ಆಗುವವರೆಗೆ ಕೊಡಬಾರದು.

ಆಲೆಮನೆಗೆ ಕರೆದುಕೊಂಡು ಹೋಗಿ ಕಬ್ಬಿನ ಹಾಲು ಕುಡಿಸಲು ಹೊರಟರೆ ಅವರು ಹಿಂಜರಿಯಬಹುದು, ಬೇಸರ ಮಾಡಿಕೊಳ್ಳಬೇಡಿ. 2005ರಲ್ಲಿ ಬ್ರೆಜಿಲ್‌ನ ಸಾಂಟಾ ಕಟರೀನಾದಲ್ಲಿ ರಸ್ತೆ ಬದಿಯ ಕಬ್ಬಿನ ಹಾಲು ಕುಡಿದ ಹಲವರಿಗೆ ಚಾಗಸ್ ಬಂತು, ಸಾವೂ ಆಯಿತು. ಕಬ್ಬಿನ ಜೊತೆ ಕೀಟವೂ ಗಾಣಕ್ಕೆ ಸಿಕ್ಕಿತ್ತು. ಇಲ್ಲಿ ಆ ಭಯವಿಲ್ಲ ಎಂದು ತಿಳಿಸಿ ಹೇಳಿ.

ಮೇಗರವಳ್ಳಿಯ ಅಮ್ಮ

ಮೇಡಂ, ಡಾಕ್ಟರೇ, ಇಬ್ಬರಿಗೂ ಕೈಮುಗಿಯುತ್ತೇನೆ. ನಾಯಿಯ ಉದಾಹರಣೆ ಓದಿ ನಮ್ಮ ಯಜಮಾನರು, "ಈಗ ಅರ್ಥವಾಯಿತು, ಮುಂದೆ ಓದು" ಎಂದರು. ಇಷ್ಟು ದಿನ ಇದನ್ನೆಲ್ಲ ಕೇಳಿಯೂ ಕೇಳದಂತೆ ಇದ್ದವರು ಈಗ ನನಗಿಂತ ಮೊದಲು ಉತ್ತರ ಬಂತೇ ಎಂದು ನೋಡುತ್ತಿದ್ದಾರೆ. ನೆಂಟರಿಗೂ ಓದಿ ಹೇಳಿದೆವು. ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ದೀಪಾವಳಿಗೆ ಬರುತ್ತೇವೆ ಎಂದಿದ್ದಾರೆ.

ಮಗನನ್ನು ಕೇಳಿ ಮಾತ್ರೆಗಳ ಹೆಸರು ಬರೆದುಕೊಂಡೆ. ಅಮಿಯೊಡರೋನ್ ಎಂಬುದು ಒಂದು, ಬಿದ್ದ ದಿನದಿಂದ ಕೊಡುತ್ತಿದ್ದಾರೆ. ರಕ್ತ ತೆಳುವಾಗಿಸುವುದು ಒಂದು, ನೀರು ಹೋಗುವ ಮಾತ್ರೆ ಒಂದು. ಹೃದಯದ ತುದಿಯಲ್ಲಿ ಗೋಡೆ ತೆಳುವಾಗಿ ಉಬ್ಬಿದೆ, ಬಲಗಡೆಯ ವಿದ್ಯುತ್ ದಾರಿ ಕಟ್ಟಿದೆ ಎಂದು ವರದಿಯಲ್ಲಿದೆಯಂತೆ. ಪರಾವಲಂಬಿಯನ್ನು ಕೊಲ್ಲುವ ಔಷಧ ಯಾಕೆ ಕೊಟ್ಟಿಲ್ಲ? ಪ್ರತಿಕಾಯವೇ ತೊಂದರೆ ಎಂದಾದರೆ ಅದನ್ನು ರಕ್ತದಿಂದ ತೆಗೆದುಹಾಕುವ ಔಷಧ ಇಲ್ಲವೇ?

ಸೊಸೆಗೆ ಇದುವರೆಗೆ ಯಾವ ಪರೀಕ್ಷೆಯೂ ಆಗಿಲ್ಲ. ಮುಂದಿನ ವರ್ಷ ಮಗು ಬೇಕೆಂದು ಇಬ್ಬರೂ ಯೋಚಿಸುತ್ತಿದ್ದಾರೆ. ಡಾಕ್ಟರು ರಕ್ತದಾನದ ಮಾತಿನಲ್ಲಿ ಅವಳನ್ನೂ ಸೇರಿಸಿದ್ದು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಕಣ್ಣಿನ ವೈದ್ಯೆ, ಶಿವಮೊಗ್ಗ

ಅಮ್ಮ, ದೀಪದ ಸುತ್ತಲಿನ ಬಳೆಗೆ ಉತ್ತರ ಬಹುಮಟ್ಟಿಗೆ ನಿಮ್ಮ ಪಟ್ಟಿಯಲ್ಲೇ ಇದೆ: ಅಮಿಯೊಡರೋನ್. ಹೃದಯದ ಲಯ ತಪ್ಪದಂತೆ ಹಿಡಿಯುವ ಒಳ್ಳೆಯ ಔಷಧ ಅದು, ಚಾಗಸ್ ಹೃದಯಕ್ಕೆ ಬಹಳ ಬಳಸುತ್ತಾರೆ. ಕೆಲವು ತಿಂಗಳು ತೆಗೆದುಕೊಂಡವರಲ್ಲಿ ಬಹುತೇಕ ಎಲ್ಲರ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಕಪ್ಪು ಭಾಗದ ಮೇಲಿನ ಪಾರದರ್ಶಕ ಪದರದಲ್ಲಿ, ಕಂದು ಬಣ್ಣದ ಸುಳಿಯಂಥ ಗೆರೆಗಳು ಕೂರುತ್ತವೆ. ಹೆಚ್ಚಿನವರಿಗೆ ಅದು ಗೊತ್ತಾಗುವುದೇ ಇಲ್ಲ. ಕೆಲವರಿಗೆ ಮಾತ್ರ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತದೆ. ದೃಷ್ಟಿ ಹೋಗುವುದಿಲ್ಲ, ಔಷಧ ನಿಲ್ಲಿಸಿದರೆ ಕಾಲಕ್ರಮದಲ್ಲಿ ಕರಗುತ್ತದೆ. ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಲ್ಲಿ ನೋಡಿದರೆ ನಿಮಿಷದಲ್ಲಿ ತಿಳಿಯುತ್ತದೆ.

ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಆ ಹೃದಯಕ್ಕೆ ಲಯ ತಪ್ಪಿದರೆ ಪ್ರಾಣಕ್ಕೇ ಅಪಾಯ.

ಮಬ್ಬು ಬೆಳಕಿನಲ್ಲಿ ಕಾಣದಿರುವುದಕ್ಕೆ ಅವರ ವಯಸ್ಸಿನಲ್ಲಿ ಪೊರೆಯೂ ಸಾಮಾನ್ಯ ಕಾರಣ. ಗ್ಲಾಕೋಮಾ ಇದೆಯೇ ಎಂದೂ ನೋಡಬೇಕು. ಅಪರೂಪಕ್ಕೆ ಅಮಿಯೊಡರೋನ್ ಕಣ್ಣಿನ ನರವನ್ನೇ ಬಾಧಿಸುತ್ತದೆ. ದೃಷ್ಟಿ ನಿಜವಾಗಿಯೂ ಕುಗ್ಗುತ್ತಿದ್ದರೆ ದೀಪಾವಳಿಯವರೆಗೆ ಕಾಯದೆ ಅಲ್ಲೇ ಈ ವಾರವೇ ತೋರಿಸಲಿ. ಪೊರೆ, ಕಾರ್ನಿಯಾ, ನರ ಎಲ್ಲ ಸರಿಯಿದ್ದೂ ಇರುಳು ನೋಟ ಮಂದವಾಗಿದ್ದರೆ, ಆಗ ಅಕ್ಷಿಪಟ ಬೆಳಕಿಗೆ ಎಷ್ಟು ವಿದ್ಯುತ್ ಸಂಕೇತ ಕೊಡುತ್ತದೆ ಎಂದು ಅಳೆಯುವ ಇಆರ್‌ಜಿ ಪರೀಕ್ಷೆ ಮಾಡಿಸಬಹುದು. ರೊಡಾಪ್ಸಿನ್ ಪ್ರಶ್ನೆಯನ್ನು ಕೇಳುವ ಜಾಗ ಅದು.

ನಿವೃತ್ತ ಅಧ್ಯಾಪಕಿ, ದುರ್ಗಿಗುಡಿ

ಕಣ್ಣಿನ ವೈದ್ಯರಿಗೆ ಧನ್ಯವಾದ. ನಾನು ಮಾತ್ರೆಗಳ ಪಟ್ಟಿ ಕೇಳಿದ್ದು ಇದೇ ಅನುಮಾನದಿಂದ.

ಅಮ್ಮ, ಪ್ರತಿಕಾಯವನ್ನು ತೆಗೆದುಹಾಕುವ ಪ್ರಶ್ನೆ ಒಳ್ಳೆಯದು, ಆದರೆ ಅದು ಚಾಗಸ್‌ಗೆ ವಾಡಿಕೆಯ ಚಿಕಿತ್ಸೆ ಅಲ್ಲ. ಕಾರಣ ಹೇಳುತ್ತೇನೆ. ಒಂದು ಕಾಲದಲ್ಲಿ ಹೃದಯದಲ್ಲಿ ಪರಾವಲಂಬಿಯೇ ಉಳಿದಿಲ್ಲ, ಎಲ್ಲ ಹಾನಿಯೂ ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯದೇ ಎಂದು ಹಲವರು ನಂಬಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉರಿಯೂತ ತುಂಬಿದೆ, ರೋಗಾಣು ಕಾಣುವುದಿಲ್ಲ. ಆ ನಂಬಿಕೆಯಿಂದ ಒಂದು ದೊಡ್ಡ ಅನ್ಯಾಯವಾಯಿತು. ಕೊಲ್ಲಲು ರೋಗಾಣುವೇ ಇಲ್ಲದಿದ್ದರೆ ಔಷಧ ಯಾಕೆ ಎಂದು ಹಳೆಯ ಸೋಂಕಿನ ರೋಗಿಗಳಿಗೆ ವರ್ಷಾನುಗಟ್ಟಲೆ ಪರಾವಲಂಬಿ ನಾಶಕ ಔಷಧವನ್ನೇ ಕೊಡದೆ ಬಿಟ್ಟರು. ಡಿಎನ್‌ಎಯ ಸಣ್ಣ ಕುರುಹನ್ನೂ ಹಿಡಿಯುವ ಪಿಸಿಆರ್ ಪರೀಕ್ಷೆ ಬಂದ ಮೇಲೆ ಹೃದಯದ ಅಂಗಾಂಶದಲ್ಲಿ ಅದರ ಡಿಎನ್‌ಎ ಸಿಗತೊಡಗಿತು. ರೋಗಾಣು ಅಲ್ಲೇ ಇದೆ, ಅದಿರುವುದರಿಂದಲೇ ಪ್ರತಿಕಾಯಗಳು ಬತ್ತುವುದಿಲ್ಲ, ಉರಿಯೂತ ಆರುವುದಿಲ್ಲ. ಪ್ರತಿಕಾಯಗಳ ದಾರಿ ತಪ್ಪಿದ ಪೆಟ್ಟು, ರೋಗಾಣು ಜೀವಕೋಶವನ್ನು ಸೀಳಿ ಹೊರಬರುವ ಪೆಟ್ಟು, ಹೃದಯದ ನರಗಳು ಸಾಯುವುದು, ಸಣ್ಣ ರಕ್ತನಾಳಗಳು ಕೆಡುವುದು, ಎಲ್ಲ ಸೇರಿ ಆ ಹೃದಯ. ಪ್ರತಿಕಾಯವನ್ನು ಒಂದೇ ಖಳನಾಯಕನನ್ನಾಗಿ ಮಾಡುವ ಬರಹಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೊಸೆಗೆ ಇದನ್ನು ಖಂಡಿತ ಹೇಳಿ. ಆ ಪ್ರತಿಕಾಯಗಳು ಇಲ್ಲದಿದ್ದರೆ ರೋಗಾಣು ರಕ್ತದಲ್ಲಿ ಅಷ್ಟು ವಿರಳವಾಗುತ್ತಲೇ ಇರಲಿಲ್ಲ.

ಔಷಧ ಎರಡೇ: ಬೆಂಜ್‌ನಿಡಜೋಲ್, ನಿಫುರ್ಟಿಮಾಕ್ಸ್. ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ಚರ್ಮದ ತುರಿಕೆ, ನರಗಳ ಜೋಮು, ಹಸಿವು ಕುಗ್ಗುವುದು, ಹೀಗೆ ತೊಂದರೆಗಳೂ ಇವೆ. ಬೀಗಿತ್ತಿಯವರಿಗೆ ಯಾಕೆ ಕೊಟ್ಟಿಲ್ಲ ಎಂಬುದಕ್ಕೆ 2015ರಲ್ಲಿ ಪ್ರಕಟವಾದ ಬೆನಿಫಿಟ್ ಎಂಬ ದೊಡ್ಡ ಅಧ್ಯಯನ ಕಾರಣವಿರಬಹುದು. ಈಗಾಗಲೇ ಹೃದಯ ಕೆಟ್ಟಿದ್ದ 2,854 ರೋಗಿಗಳಲ್ಲಿ ಬೆಂಜ್‌ನಿಡಜೋಲ್ ರಕ್ತದ ರೋಗಾಣುವನ್ನು ಚೆನ್ನಾಗಿಯೇ ತಗ್ಗಿಸಿತು, ಆದರೆ ಐದು ವರ್ಷಗಳ ಮೇಲೆ ನೋಡಿದರೆ ಹೃದಯದ ಕಾಯಿಲೆ ಮುಂದುವರಿಯುವುದನ್ನು ಗಣನೀಯವಾಗಿ ತಡೆಯಲಿಲ್ಲ. ಗಾಯ ಮಾಗಿ ಗಟ್ಟಿಯಾದ ಸ್ನಾಯು ರೋಗಾಣು ಸತ್ತರೂ ಮೊದಲಿನಂತಾಗುವುದಿಲ್ಲ. ಹಾಗಾಗಿ ಅವರ ಹಂತದಲ್ಲಿ ಲಯ ಕಾಯುವುದು, ಹೃದಯದ ಉಬ್ಬಿದ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗದಂತೆ ತಡೆಯುವುದು, ಅಗತ್ಯ ಬಿದ್ದರೆ ಪೇಸ್‌ಮೇಕರ್, ಇವೇ ಮುಖ್ಯ. ಅವರ ಮಾತ್ರೆಗಳು ಸರಿಯಾದ ದಾರಿಯಲ್ಲೇ ಇವೆ.

ಇನ್ನು ಸೊಸೆ. ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಅವಳೇ. ಅವಳು ಅದೇ ಹಳ್ಳಿಯಲ್ಲಿ ಹುಟ್ಟಿದವಳು. ಕೀಟದಿಂದಲೂ ಬಂದಿರಬಹುದು, ತಾಯಿಯ ಗರ್ಭದಲ್ಲೇ ಬಂದಿರಬಹುದು, ಬರದೆಯೂ ಇರಬಹುದು. ಸೋಂಕಿರುವ ತಾಯಂದಿರ ಮಕ್ಕಳಲ್ಲಿ ಹೆಚ್ಚಿನವರಿಗೆ ತಗುಲುವುದಿಲ್ಲ, ಆದರೆ ತಗುಲುವ ಸಾಧ್ಯತೆ ಇದ್ದೇ ಇದೆ. ಸೋಂಕಿದ್ದರೆ ಗರ್ಭ ಧರಿಸುವ ಮುಂಚೆ ಔಷಧ ಮುಗಿಸಬೇಕು, ಏಕೆಂದರೆ ಗರ್ಭಿಣಿಯರಿಗೆ ಇದನ್ನು ಕೊಡುವುದಿಲ್ಲ. ಮೊದಲೇ ಚಿಕಿತ್ಸೆ ಪಡೆದ ಹೆಂಗಸರಿಂದ ಮಗುವಿಗೆ ಹರಡುವುದು ತೀರ ಅಪರೂಪ. ಅವಳ ವಯಸ್ಸಿನಲ್ಲಿ, ಹೃದಯ ಇನ್ನೂ ಗಟ್ಟಿಯಿರುವಾಗ, ಔಷಧದಿಂದ ಅವಳಿಗೂ ಲಾಭ. ಬಾರ್ಸಿಲೋನಾ ಇರುವ ಕೆಟಲೋನಿಯಾದಲ್ಲಿ ಲ್ಯಾಟಿನ್ ಅಮೆರಿಕದಿಂದ ಬಂದ ಗರ್ಭಿಣಿಯರಿಗೆ ಈ ಪರೀಕ್ಷೆ ಮಾಡುವ ವ್ಯವಸ್ಥೆ 2010ರಿಂದ ಇದೆ. ಆದರೆ ಅವಳು ಗರ್ಭಿಣಿಯಾಗುವವರೆಗೆ ಕಾಯಬಾರದು. ಸೋಂಕಿರುವ ತಾಯಿಗೆ ಹುಟ್ಟಿದ ಮಗುವಿಗೂ ರೋಗಾಣು ಬಂದಿದ್ದರೆ, ಮೊದಲ ವರ್ಷದೊಳಗೆ ಔಷಧ ಕೊಟ್ಟರೆ ಬಹುತೇಕ ಎಲ್ಲ ಮಕ್ಕಳೂ ಗುಣವಾಗುತ್ತಾರೆ. ಅಂದರೆ ಯಾವ ಹಂತದಲ್ಲೂ ಕೈಚೆಲ್ಲಿ ಕೂರುವ ಪ್ರಶ್ನೆಯಿಲ್ಲ, ನಿದ್ದೆ ಕೆಡಿಸಿಕೊಳ್ಳಬೇಡಿ. ಬೀಗಿತ್ತಿಗೆ ಬೇರೆ ಮಕ್ಕಳಿದ್ದರೆ ಅವರಿಗೂ ಪರೀಕ್ಷೆ ಆಗಲಿ.

ಮೇಗರವಳ್ಳಿಯ ಅಮ್ಮ

ಮೇಡಂ, ನಿಮ್ಮ ಉತ್ತರವನ್ನು ಮಗ ಸ್ಪ್ಯಾನಿಷ್‌ಗೆ ಮಾಡಿ ಅವರಿಬ್ಬರಿಗೂ ಓದಿದನಂತೆ. ಸೊಸೆ ಮರುದಿನವೇ ಪರೀಕ್ಷೆಗೆ ಹೆಸರು ಬರೆಸಿದ್ದಾಳೆ. ಅವಳ ಅಣ್ಣ ಇನ್ನೂ ಕೊಚಬಾಂಬಾದಲ್ಲೇ ಇದ್ದಾನೆ, ಅವನಿಗೂ ಹೇಳಿದ್ದಾಳೆ. ಬೀಗಿತ್ತಿಯನ್ನು ಕಣ್ಣಿನ ವೈದ್ಯರಿಗೆ ತೋರಿಸಿದರು. ಕಾರ್ನಿಯಾದಲ್ಲಿ ಸುಳಿಯಂಥ ಗೆರೆಗಳಿವೆ, ಎಡಗಣ್ಣಿನಲ್ಲಿ ಪೊರೆಯೂ ಶುರುವಾಗಿದೆ, ನರ ಸರಿಯಿದೆ ಎಂದರಂತೆ. ಹೃದಯದ ವೈದ್ಯರು ಮಾತ್ರೆಯ ಪ್ರಮಾಣವನ್ನು ಮತ್ತೆ ನೋಡುತ್ತೇವೆ ಎಂದಿದ್ದಾರೆ.

ಒಂದು ಕೇಳುವುದಿದೆ. ಇಲ್ಲಿದ್ದಾಗ ಏನಾದರೂ ತೊಂದರೆಯಾದರೆ ನಮ್ಮ ಕಡೆಯ ವೈದ್ಯರಿಗೆ ಈ ಕಾಯಿಲೆ ಹೊಸದಿರಬಹುದು. ಏನು ಸಿದ್ಧ ಮಾಡಿಟ್ಟುಕೊಳ್ಳಲಿ?

ನಿವೃತ್ತ ಅಧ್ಯಾಪಕಿ, ದುರ್ಗಿಗುಡಿ

ಅಮ್ಮ, ಅಲ್ಲಿಂದ ಹೊರಡುವ ಮುಂಚೆ ಇಂಗ್ಲಿಷಿನಲ್ಲಿ ಒಂದು ಪುಟದ ಸಾರಾಂಶ ಬರೆಸಿಕೊಂಡು ಬರಲಿ: ಕಾಯಿಲೆಯ ಹೆಸರು, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ರಕ್ತ ತೆಳುವಾಗಿಸುವ ಮಾತ್ರೆಯ ವಿವರ. ಹಳೆಯ ಇಸಿಜಿಯ ಪ್ರತಿ ಬಹಳ ಮುಖ್ಯ. ಇಲ್ಲಿ ಯಾರಾದರೂ ಹೊಸದಾಗಿ ಇಸಿಜಿ ತೆಗೆದರೆ ಅದು ಮೊದಲಿನಿಂದಲೂ ಹಾಗೇ ಇತ್ತೋ ಈಗ ಆದದ್ದೋ ಎಂದು ಹೋಲಿಸಲು ಬೇಕು. ಮಾತ್ರೆಗಳು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ, ಕೈಚೀಲದಲ್ಲೇ ಇರಲಿ. ತಲೆ ಸುತ್ತಿ ಬಿದ್ದರೆ, ಎದೆಬಡಿತ ಒಮ್ಮೆಲೇ ಏರಿದರೆ, ಮಾತು ತೊದಲಿದರೆ, ಕೈಕಾಲು ಒಂದು ಬದಿ ಸೋತರೆ, ಮನೆಯಲ್ಲಿ ಇಟ್ಟುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೊರಡಿ. ನಿಮ್ಮಲ್ಲಿ ಮಳೆ ಬಂದರೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಕಾರಿರುವ ನೆರೆಮನೆಯವರಿಗೆ ಮೊದಲೇ ಹೇಳಿಡಿ. ಕಡುಬಿಗೆ ಉಪ್ಪು ಸ್ವಲ್ಪ ಕಡಿಮೆ ಹಾಕಿ, ಉಪ್ಪಿನಕಾಯಿ ಬಡಿಸಬೇಡಿ. ಸೊಸೆಯ ವರದಿ ಬಂದ ದಿನ ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.